ಸಿಪಿಆರ್ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವ ಮುಂಚೆ ಬೊಂಬೆ ಎಣಿಸಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ. ಹಾಗೆಯೇ ಜಿಲ್ಲೆಯ ಶಾಲಾ ಆಡಳಿತ ಮಂಡಳಿಗಳು, ಕಾಫಿ ತೋಟದ ಮಾಲೀಕರು, ಕಾರ್ಖಾನೆ, ಹೋಂಸ್ಟೇ, ಜಿಮ್ ಮತ್ತು ದೇವಸ್ಥಾನ ಸಮಿತಿಯವರಿಗೆ,

ಮಾನ್ಯರೇ,

2025ರ ಮೇ, ಜೂನ್ ತಿಂಗಳಲ್ಲಿ ಹಾಸನದ ಹೆಸರು ದಿನ ಬೆಳಗಾದರೆ ಸುದ್ದಿಯಲ್ಲಿತ್ತು. ಹರೆಯದವರೂ ಇದ್ದಕ್ಕಿದ್ದಂತೆ ಹೃದಯಾಘಾತದಿಂದ ಹೋಗುತ್ತಿದ್ದಾರೆ ಎಂಬ ವರದಿಗಳ ಬೆನ್ನಿಗೆ ಆಸ್ಪತ್ರೆಗಳ ಮುಂದೆ ಇಸಿಜಿಗೆ ಸಾಲು ಬೆಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು, ವರದಿಯೂ ಬಂತು. ಗದ್ದಲ ಅಡಗಿದ ಮೇಲೂ ಉಳಿದುಕೊಂಡದ್ದು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಬೇಕಾದಾಗ ಉಸಿರು ಕೊಟ್ಟು ಉಳಿಸಲು ಯತ್ನಿಸುವ ವಿಧಾನ) ತರಬೇತಿಯ ಬೇಡಿಕೆ. ಶಾಲೆಯವರು ಕೇಳುತ್ತಾರೆ, ತೋಟದವರು ಕೇಳುತ್ತಾರೆ, ಜಿಮ್‌ನವರು ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ‘ಸರ್ಟಿಫಿಕೇಟ್ ಕೊಡ್ತೀರಾ, ಎಷ್ಟಾಗುತ್ತೆ?’ ಎರಡನೆಯದು: ‘ಒಂದೇ ದಿನದಲ್ಲಿ ಇನ್ನೂರು ಜನಕ್ಕೆ ಮುಗಿಸಿಕೊಡ್ತೀರಾ?’

ಪ್ರಥಮ ಚಿಕಿತ್ಸೆ ಕಲಿಸುವುದನ್ನೇ ಕೆಲಸ ಮಾಡಿಕೊಂಡಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸಾರ್ವಜನಿಕರ ದುಡ್ಡಾಗಲಿ, ತೋಟದ ದುಡ್ಡಾಗಲಿ, ಖರ್ಚು ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬಂದವರಲ್ಲಿ ಒಬ್ಬೊಬ್ಬರ ಕೈಯೂ ಎಷ್ಟು ನಿಮಿಷ ಅಭ್ಯಾಸಕ್ಕೆಂದು ಮಾಡಿದ ಮನುಷ್ಯಾಕೃತಿಯ ಬೊಂಬೆಯ ಎದೆಯ ಮೇಲಿರುತ್ತದೆ? ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುವಂಥವು.

ಲೆಕ್ಕ ಹಾಕಿ ನೋಡಿ. 60 ಜನ, 2 ಬೊಂಬೆ, 2 ಗಂಟೆಯ ಶಿಬಿರ. ದೀಪ ಬೆಳಗುವುದು, ಸ್ವಾಗತ ಭಾಷಣ, ಸ್ಲೈಡು, ಗ್ರೂಪ್ ಫೋಟೊ ಎಲ್ಲ ಕಳೆದು ಅಭ್ಯಾಸಕ್ಕೆ 40 ನಿಮಿಷ ಉಳಿಯಿತೆನ್ನೋಣ. ಒಂದು ಬೊಂಬೆಗೆ 30 ಜನ, ಒಬ್ಬರಿಗೆ ದಕ್ಕುವುದು 80 ಸೆಕೆಂಡು. ಸೀರೆ ಸರಿಮಾಡಿಕೊಂಡು, ಮಂಡಿಯೂರಿ, ಕೈ ಎಲ್ಲಿಡಬೇಕೆಂದು ಹುಡುಕುವಷ್ಟರಲ್ಲಿ ಅದರಲ್ಲಿ ಅರ್ಧ ಹೋಗಿರುತ್ತದೆ. ಸಂಜೆ 60 ಜನರ ಕೈಯಲ್ಲೂ ಬಣ್ಣದ ಸರ್ಟಿಫಿಕೇಟು. ಇಂಥ ಶಿಬಿರವನ್ನು ಜಾಗೃತಿ ಕಾರ್ಯಕ್ರಮ ಎಂದು ಕರೆದರೆ ನಮ್ಮ ತಕರಾರಿಲ್ಲ. ಸಭಾಂಗಣದಲ್ಲಿ 500 ಮಕ್ಕಳು ಕೂತು ‘ಬಿದ್ದವರು ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಬೇಕು, ಎದೆ ಒತ್ತಬೇಕು’ ಎಂದು ತಿಳಿದುಕೊಂಡರೂ ಲಾಭವೇ. ಅದಕ್ಕೆ ‘ಸರ್ಟಿಫೈಡ್’ ಎಂಬ ಮುದ್ರೆ ಒತ್ತಿ, ತೋಟದ ಅಥವಾ ಶಾಲೆಯ ಸುರಕ್ಷತಾ ಕಡತದಲ್ಲಿ ಇಡುವುದು ಬೇಡ.

ನಾವು ಒಪ್ಪುವ ಪ್ರಮಾಣ ಹೀಗಿದೆ. 3 ಜನಕ್ಕೆ 1 ಬೊಂಬೆ. 6 ಜನಕ್ಕೆ, ತೀರಾ ಹೆಚ್ಚೆಂದರೆ 9 ಜನಕ್ಕೆ ಒಬ್ಬ ತರಬೇತುದಾರ. ಒಬ್ಬೊಬ್ಬರೂ ತಲಾ 2 ನಿಮಿಷದ ಸುತ್ತನ್ನು ಕನಿಷ್ಠ 4 ಸಲ ಮಾಡಬೇಕು, ಕೊನೆಗೆ ಯಾರ ಸಹಾಯವೂ ಇಲ್ಲದೆ ಒಬ್ಬರೇ ಮಾಡಿ ತೋರಿಸಬೇಕು. ಈ ಲೆಕ್ಕದಲ್ಲಿ ಸಿಪಿಆರ್, ಎಇಡಿ (ಹೃದಯ ನಿಂತವರಿಗೆ ಬೇಕಿದ್ದರೆ ವಿದ್ಯುತ್ ಶಾಕ್ ಕೊಡುವ ಯಂತ್ರ), ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗಿನ ಉಪಾಯ, ಇಷ್ಟಕ್ಕೇ ಮೂರೂವರೆಯಿಂದ 4 ಗಂಟೆ ಹಿಡಿಯುತ್ತದೆ. ಗಾಯ, ಸುಟ್ಟದ್ದು, ಮೂಳೆ ಮುರಿತ, ಹಾವು ಕಡಿತ ಸೇರಿಸಿದರೆ ಪೂರ್ತಿ ಒಂದು ದಿನ. ಕಡಿಮೆ ಹೊತ್ತಿನಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತೇವೆ ಎನ್ನುವವರು ಯಾವುದನ್ನು ಬಿಡುತ್ತಾರೆಂದು ಕೇಳಿ. ಸಾಮಾನ್ಯವಾಗಿ ಬಿಡುವುದು ಅಭ್ಯಾಸವನ್ನೇ.

ಬೊಂಬೆಯಲ್ಲೂ ಒಂದೊಂದು ಥರ. ಒತ್ತಿದರೆ ಬರೀ ಸ್ಪ್ರಿಂಗ್ ಕುಣಿಯುವುದು ಒಂದು. ಸಾಕಷ್ಟು ಆಳಕ್ಕೆ ಹೋದಾಗ ‘ಟಿಕ್’ ಎನ್ನುವುದು ಇನ್ನೊಂದು. ಆಳ, ವೇಗ, ಎದೆ ಪೂರ್ತಿ ಮೇಲೆದ್ದಿತೋ ಇಲ್ಲವೋ ಎಂಬುದನ್ನು ದೀಪದಲ್ಲೋ ಫೋನಿನ ಪರದೆಯಲ್ಲೋ ತೋರಿಸುವುದು ಮತ್ತೊಂದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ ವಯಸ್ಕರ ಸಿಪಿಆರ್ ಕೋರ್ಸುಗಳಿಗೆ ಈ ಕೊನೆಯ ಬಗೆಯ ಸಾಧನವನ್ನು 2019ರಿಂದ ಕಡ್ಡಾಯ ಮಾಡಿದೆ. ಕಾರಣ ಸರಳ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಒತ್ತಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. 5 ಸೆಂಟಿಮೀಟರ್ ಎಂದರೆ ಎಷ್ಟೆಂದು ಕಣ್ಣಳತೆಯಲ್ಲಿ ಹೇಳಲು ಅನುಭವಿ ತರಬೇತುದಾರರಿಗೂ ಕಷ್ಟ. ‘ಚೆನ್ನಾಗಿ ಮಾಡ್ತಿದೀರ’ ಎಂಬ ಹೊಗಳಿಕೆಯನ್ನು ನಂಬಿ ಮನೆಗೆ ಹೋದವರು ಮೂರು, ಮೂರೂವರೆ ಸೆಂಟಿಮೀಟರ್ ಮಾತ್ರ ಒತ್ತುತ್ತಿರಬಹುದು.

ಅಭ್ಯಾಸದಲ್ಲಿ ಕಾಣುವ ತಪ್ಪುಗಳು ಹೆಚ್ಚುಕಮ್ಮಿ ಇವೇ. ಮೊಣಕೈ ಮಡಚಿ ತೋಳಿನ ಬಲದಿಂದ ಒತ್ತುತ್ತಾರೆ, ಒಂದೇ ನಿಮಿಷಕ್ಕೆ ಸುಸ್ತಾಗುತ್ತಾರೆ. ಭುಜ ನೇರವಾಗಿ ಕೈಯ ಮೇಲೆ ಬರಬೇಕು, ಮೈಭಾರ ಇಳಿಯಬೇಕು. ಗಾಬರಿಯಲ್ಲಿ ವೇಗ 140 ದಾಟುತ್ತದೆ, ವೇಗ ಏರಿದಷ್ಟೂ ಆಳ ಕಡಿಮೆಯಾಗುತ್ತದೆ. ಒತ್ತಿದ ಮೇಲೆ ಕೈಯನ್ನು ಎದೆಯ ಮೇಲೇ ಊರಿಕೊಂಡು ಬಿಡುತ್ತಾರೆ. ಎದೆ ಪೂರ್ತಿ ಮೇಲೆದ್ದರೆ ಮಾತ್ರ ಹೃದಯದೊಳಗೆ ಮತ್ತೆ ರಕ್ತ ತುಂಬಲು ಸಾಧ್ಯ. ಎದೆಮೂಳೆಯ ಕೆಳಗಿನ ಅರ್ಧಭಾಗಕ್ಕೆ ಬದಲು ಹೊಟ್ಟೆಯ ಕಡೆಗೆ ಕೈ ಜಾರುತ್ತದೆ. ಮಂಚದ ಮೇಲೆ ಮಲಗಿರುವವರನ್ನು ಹಾಸಿಗೆಯಲ್ಲೇ ಒತ್ತುತ್ತಾರೆ, ಒತ್ತಿದ್ದೆಲ್ಲ ಹಾಸಿಗೆ ನುಂಗುತ್ತದೆ, ನೆಲಕ್ಕೆ ಇಳಿಸಬೇಕು. ನಡುನಡುವೆ ನಿಲ್ಲಿಸಿ ನಾಡಿ ನೋಡುತ್ತಾರೆ. ಯಾವ ಕಾರಣಕ್ಕೂ 10 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬಾರದು, 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಪಕ್ಕೆಲುಬು ಮುರಿದ ಸದ್ದು ಬಂದರೆ ಏನು ಮಾಡಬೇಕೆಂದು ತರಬೇತುದಾರ ಮೊದಲೇ ಹೇಳಿರಬೇಕು: ಕೈ ಸರಿಯಾದ ಜಾಗದಲ್ಲಿದೆಯೇ ನೋಡಿಕೊಂಡು ಮುಂದುವರಿಸಬೇಕು. ಇದನ್ನು ಹೇಳಿಸಿಕೊಳ್ಳದವರು ಮೊದಲ ಸದ್ದಿಗೇ ಕೈ ತೆಗೆದುಬಿಡುತ್ತಾರೆ.

ಒತ್ತುವುದಕ್ಕಿಂತ ಹೆಚ್ಚು ಜನ ತಪ್ಪುವುದು ಗುರುತಿಸುವುದರಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಎಷ್ಟೋ ಜನ ಮೀನಿನಂತೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಮೇಲುಸಿರು ಎಳೆಯುತ್ತಾರೆ, ಗೊರಗೊರ ಸದ್ದು ಬರುತ್ತದೆ. ‘ಉಸಿರಾಡ್ತಿದ್ದಾರಲ್ಲ’ ಎಂದು ಸುತ್ತಲಿನವರು ನೀರು ಚಿಮುಕಿಸುತ್ತಾ, ಬಾಯಿಗೆ ನೀರು ಹಾಕುತ್ತಾ ನಿಲ್ಲುತ್ತಾರೆ. ಕೆಲವರಿಗೆ ಆರಂಭದಲ್ಲಿ ಮೈ ಅದುರುವುದೂ ಉಂಟು. ಆಗ ಮೂರ್ಛೆರೋಗವೆಂದು ಕೈಗೆ ಬೀಗದ ಕೈ ಹಿಡಿಸುತ್ತಾರೆ. ಮೂರ್ಛೆರೋಗಕ್ಕೂ ಕಬ್ಬಿಣದಿಂದ ಉಪಯೋಗವಿಲ್ಲ ಎಂಬುದು ಬೇರೆ ಮಾತು. ಕರೆದರೆ, ಭುಜ ತಟ್ಟಿದರೆ ಓಗೊಡದವರು ಸಹಜವಾಗಿ ಉಸಿರಾಡದೆ ಇದ್ದರೆ ಸಿಪಿಆರ್ ಶುರು ಮಾಡಬೇಕು. ಈ ಮೇಲುಸಿರಿನ ವೀಡಿಯೊ ತೋರಿಸದ ಕೋರ್ಸನ್ನು ನಾವು ಪೂರ್ಣ ಎನ್ನುವುದಿಲ್ಲ.

ಅದೇ ರೀತಿ ಹೃದಯಾಘಾತಕ್ಕೂ ಹೃದಯ ನಿಲ್ಲುವುದಕ್ಕೂ ಇರುವ ಅಂತರವನ್ನು ಕಲಿಸಬೇಕು. ಹೃದಯಾಘಾತವಾದರೂ ಹೃದಯ ಬಡಿಯುತ್ತಿದ್ದು, ಎದೆನೋವೆಂದು ಬೆವರುತ್ತಾ, ಮಾತಾಡುತ್ತಾ ಕೂತಿರುವವರ ಎದೆ ಒತ್ತುವ ಹಾಗಿಲ್ಲ. ಅವರನ್ನು ನಡೆಸದೆ ಕೂರಿಸಿ, 108 ಕರೆಸಿ, ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ ಜಗಿಯಲು ಕೊಟ್ಟು, ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಮುಟ್ಟಿಸಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಸಕಲೇಶಪುರದವರು ಎದೆನೋವು ಇಟ್ಟುಕೊಂಡು ನೇರ ಮೈಸೂರಿಗೆ ಕಾರು ಓಡಿಸುವ ಮುಂಚೆ ಇದು ಗೊತ್ತಿರಬೇಕು. ವಾಟ್ಸಾಪಿನಲ್ಲಿ ಓಡಾಡುವ ‘ಜೋರಾಗಿ ಕೆಮ್ಮುತ್ತಾ ಇರಿ’ ಎಂಬ ಸಲಹೆಯನ್ನು ತರಗತಿಯಲ್ಲಿ ಹೇಳುವ ತರಬೇತುದಾರ ಸಿಕ್ಕರೆ, ದುಡ್ಡು ವಾಪಸ್ ಕೇಳಿ.

ಇನ್ನು ಬರೀ ಎದೆ ಒತ್ತುವುದು ಸಾಕೋ, ಬಾಯಿಗೆ ಬಾಯಿಟ್ಟು ಉಸಿರೂ ಕೊಡಬೇಕೋ ಎಂಬ ಪ್ರಶ್ನೆ. ಭಾರತೀಯ ಅರಿವಳಿಕೆ ತಜ್ಞರ ಬಳಗದಿಂದ ಹುಟ್ಟಿದ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್, ಜನಸಾಮಾನ್ಯರಿಗಾಗಿ ಎದೆ ಒತ್ತುವುದನ್ನು ಮಾತ್ರ ಕಲಿಸುವ ‘ಕೋಲ್ಸ್’ ಎಂಬ ಕ್ರಮವನ್ನು ರೂಪಿಸಿದೆ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ವಯಸ್ಕರೊಬ್ಬರು ಎದುರಿಗೇ ಕುಸಿದರೆ ಅದು ಸರಿಯಾದ ಕ್ರಮ. ಅವರ ರಕ್ತದಲ್ಲಿ ಮೊದಲ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಇರುತ್ತದೆ, ಕಲಿಯಲು ಸುಲಭ, ಮುಜುಗರವೂ ಇಲ್ಲ. ಬಸ್ ಕಂಡಕ್ಟರ್, ಆಟೊ ಚಾಲಕರು, ಹಾಸನಾಂಬ ದರ್ಶನದ ಸಾಲು ನೋಡಿಕೊಳ್ಳುವ ಸ್ವಯಂಸೇವಕರು, ಇವರಿಗೆಲ್ಲ ಮೊದಲ ಹೆಜ್ಜೆಯಾಗಿ ಇದನ್ನೇ ಕಲಿಸಿ.

ಆದರೆ ಹಾಸನ ಜಿಲ್ಲೆಗೆ ಅಷ್ಟೇ ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗೊರೂರಿನ ಹೇಮಾವತಿ ಹಿನ್ನೀರಿದೆ, ಯಗಚಿ ಇದೆ, ವಾಟೆಹೊಳೆ ಇದೆ, ಊರಿಗೊಂದು ಕೆರೆ, ತೋಟಕ್ಕೊಂದು ಹೊಂಡ. ನೀರಿಗೆ ಬಿದ್ದವರ ಹೃದಯ ನಿಲ್ಲುವುದು ಆಮ್ಲಜನಕ ಮುಗಿದು. ಅವರಿಗೆ ಬರೀ ಎದೆ ಒತ್ತಿದರೆ ಉಸಿರಿಲ್ಲದ ರಕ್ತವನ್ನೇ ಸುತ್ತು ಹಾಕಿಸಿದಂತಾಗುತ್ತದೆ. ಉಸಿರು ಕೊಟ್ಟೇ ಆರಂಭಿಸಬೇಕು, ಆಮೇಲೆ 30 ಸಲ ಒತ್ತು, 2 ಉಸಿರು. ಕಾಲು ಹಿಡಿದು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹೊತ್ತು ಹಾಳು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವೂ ಇದೆ. ಚಿಕ್ಕ ಮಕ್ಕಳ ಹೃದಯ ನಿಲ್ಲುವುದೂ ಹೆಚ್ಚಾಗಿ ಉಸಿರಿನ ತೊಂದರೆಯಿಂದಲೇ. ನಾಗರಹಾವು, ಕಟ್ಟುಹಾವು ಕಡಿದಾಗ ಕಣ್ಣರೆಪ್ಪೆ ಜೋತು, ನಾಲಿಗೆ ಹೊರಳದೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ಆಸ್ಪತ್ರೆ ಮುಟ್ಟುವ ತನಕ ಉಸಿರು ಕೊಡುವವರಿದ್ದರೆ ಹಾವು ಕಡಿದವರು ಬದುಕುವ ಸಾಧ್ಯತೆ ಇರುತ್ತದೆ.

ಆದ್ದರಿಂದ ಶಾಲೆ, ಅಂಗನವಾಡಿ, ತೋಟ, ಹೋಂಸ್ಟೇ, ಹಿನ್ನೀರಿನಂಚಿನ ರೆಸಾರ್ಟುಗಳಿಗೆ ಉಸಿರು ಕೊಡುವುದನ್ನೂ ಒಳಗೊಂಡ ಕೋರ್ಸೇ ಬೇಕು. ಬೊಂಬೆಯ ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತದಿದ್ದರೆ ಅದರ ಎದೆ ಉಬ್ಬಬಾರದು. ಹೇಗೆ ಊದಿದರೂ ಉಬ್ಬುವ ಬೊಂಬೆಯಿಂದ ಕಲಿಯುವಂಥದ್ದೇನಿಲ್ಲ. ಒಂದು ಉಸಿರು 1 ಸೆಕೆಂಡು, ಎದೆ ಏರುವುದು ಕಂಡರೆ ಸಾಕು. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಬರುತ್ತದೆ. ಪಾಕೆಟ್ ಮಾಸ್ಕ್ ಬಳಸುವುದನ್ನೂ ಕಲಿಸಲಿ. ಕೀಟನಾಶಕ ಕುಡಿದವರ ಬಾಯಿಗೆ ನೇರವಾಗಿ ಬಾಯಿಡುವುದು ಸಹಾಯಕ್ಕೆ ಹೋದವರಿಗೇ ಕುತ್ತು. ಪ್ರತಿ ತಂಡಕ್ಕೂ ಬೊಂಬೆಯ ಶ್ವಾಸಚೀಲ ಬದಲಾಗುತ್ತದೆಯೇ, ಒಬ್ಬರಾದ ಮೇಲೆ ಒಬ್ಬರಿಗೆ ಮುಖವನ್ನು ಸ್ಪಿರಿಟ್‌ನಿಂದ ಒರೆಸುತ್ತಾರೆಯೇ ಎಂದೂ ಕೇಳಿ. ಇದನ್ನು ಕೇಳಿದರೆ ಮುಖ ಗಂಟಿಕ್ಕುವ ಸಂಸ್ಥೆಗಳೂ ಇವೆ.

ಪ್ರಥಮ ಚಿಕಿತ್ಸೆಯ ಪಾಠಕ್ಕೆ ಬಂದರೆ, ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಕೋರ್ಸುಗಳು ನಗರದ ಕಚೇರಿಗೆ ಹೊಲಿದ ಅಂಗಿ. ಬೆರಳು ಕುಯ್ದುಕೊಂಡರೆ ಬ್ಯಾಂಡೇಜು, ಮೆಟ್ಟಿಲಲ್ಲಿ ಕಾಲು ಉಳುಕಿದರೆ ಐಸು. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ನಡೆಯುವುದೇ ಬೇರೆ. ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ ಅಲ್ಯುಮಿನಿಯಂ ಏಣಿ ಪಕ್ಕದ ವಿದ್ಯುತ್ ತಂತಿಗೆ ತಗಲುತ್ತದೆ. ಅಲ್ಲಿ ಮೊದಲ ಪಾಠ ಎದೆ ಒತ್ತುವುದೂ ಅಲ್ಲ, ಮುಟ್ಟದೆ ಇರುವುದು. ಮನೆಯ ವೈರಿಂಗ್ ಆದರೆ ಮೇನ್ ಆಫ್ ಮಾಡಬಹುದು, ಒಣ ಕೋಲಿನಿಂದ ತಂತಿ ಸರಿಸಬಹುದು. ಮೇಲೆ ಹಾದುಹೋಗುವ ಹೈಟೆನ್ಷನ್ ಲೈನಾದರೆ ಕೋಲು ಯಾವ ರಕ್ಷಣೆಯೂ ಕೊಡದು. ದೂರ ನಿಂತು ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿದ ಮೇಲೆಯೇ ಹತ್ತಿರ ಹೋಗಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಸಾಯುವುದು ಈ ಪಾಠ ಇಲ್ಲದ್ದರಿಂದ. ಮೇಸ್ತ್ರಿ, ರೈಟರ್ (ತೋಟದ ಲೆಕ್ಕ ಬರೆಯುವವರು) ಇಬ್ಬರ ಫೋನಿನಲ್ಲೂ ಆ ನಂಬರು, ಹತ್ತಿರದ ಲೈನ್‌ಮನ್ ನಂಬರು ಇರಬೇಕು.

ಮರದಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಪಿಕಪ್ಪಿಗೆ ಹಾಕುವುದು ಇನ್ನೊಂದು. ಕುತ್ತಿಗೆ, ಬೆನ್ನು ನೇರವಿಟ್ಟು ಹೊರಳಿಸುವುದನ್ನು ಕೋರ್ಸಿನಲ್ಲಿ ನಾಲ್ಕು ಜನ ಸೇರಿ ಮಾಡಿ ಕಲಿಯಬೇಕು, ಚಿತ್ರ ನೋಡಿ ಬರುವುದಿಲ್ಲ. ಕಳೆ ಕತ್ತರಿಸುವ ಯಂತ್ರದ ಬ್ಲೇಡು ಕಾಲಿಗೆ ಬಿದ್ದಾಗ ಮೊದಲು ಬಟ್ಟೆ ಒತ್ತಿ ಹಿಡಿಯುವುದು. ಅದಕ್ಕೂ ನಿಲ್ಲದೆ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬರದಂತೆ, ಅಗಲದ ಪಟ್ಟಿಯಿಂದ ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಬರೆದಿಡುವುದು. ಹಾವು ಕಡಿದಾಗ ಮಾತ್ರ ಈ ಬಿಗಿ ಕಟ್ಟು ಕೂಡದು. ರಕ್ತಕ್ಕೆ ಕಟ್ಟು, ಹಾವಿಗೆ ಕಟ್ಟಬೇಡ ಎಂಬ ವ್ಯತ್ಯಾಸವನ್ನು ಒಂದೇ ದಿನ ಕಲಿತವರು ತಿಂಗಳೊಳಗೆ ಅದಲುಬದಲು ಮಾಡಿಕೊಳ್ಳುತ್ತಾರೆ. ಆದ್ದರಿಂದ ಒಳ್ಳೆಯ ತರಬೇತುದಾರ ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಮಾಡಿಸುತ್ತಾರೆ.

ಹಾವು ಕಡಿತದ ಪಾಠದಲ್ಲಿ ಇರಬೇಕಾದದ್ದು: ಕುಯ್ಯಬಾರದು, ಹೀರಬಾರದು, ನಾಟಿ ಔಷಧಕ್ಕೆ ಅಲೆಯಬಾರದು. ಉಂಗುರ, ಬಳೆ, ಕಾಲುಂಗುರ ತೆಗೆಯಬೇಕು, ಏಕೆಂದರೆ ಕೈಕಾಲು ಊದಿಕೊಳ್ಳುತ್ತದೆ. ಕಡಿದ ಅಂಗವನ್ನು ಮೂಳೆ ಮುರಿದಾಗಿನಂತೆ ಅಲ್ಲಾಡದ ಹಾಗೆ ಇಟ್ಟು, ನಡೆಸದೆ ಹೊತ್ತುಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಹಿಡಿಯುವುದು, ಹೊಡೆದು ತರುವುದು ಬೇಡ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಪಟ್ಟಿಗೆ ಸೇರಿಸಿದ್ದು, ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು. ನಿಮ್ಮ ತೋಟಕ್ಕೆ ಹತ್ತಿರದಲ್ಲಿ ಪ್ರತಿವಿಷ ಎಲ್ಲಿದೆ ಎಂಬುದನ್ನು ತರಬೇತಿಯ ದಿನವೇ ಫೋನ್ ಮಾಡಿ ತಿಳಿದು ಗೋಡೆಯ ಮೇಲೆ ಬರೆಸಿ. ಹೆಜ್ಜೇನು ಎದ್ದಾಗ ಮುಖ ಮುಚ್ಚಿಕೊಂಡು ದೂರ ಓಡುವುದು, ಮುಳ್ಳನ್ನು ತಡಮಾಡದೆ ಕೆರೆದು ತೆಗೆಯುವುದು, ತುಟಿ ಊದಿ ಉಸಿರು ಸುಂಯ್ಯೆನ್ನತೊಡಗಿದರೆ ಅಡ್ರಿನಾಲಿನ್ ಚುಚ್ಚುಮದ್ದು ಬೇಕಾದ ತುರ್ತು ಎಂದು ಗುರುತಿಸುವುದು. ಕಾಂಡಕೊರಕಕ್ಕೋ ಇನ್ನಾವುದಕ್ಕೋ ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿಸಿ ಧಾರಾಳವಾಗಿ ನೀರು ಸುರಿಯುವುದು, ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸದಿರುವುದು, ಬಾಟಲಿಯನ್ನು ಜೊತೆಗೆ ಒಯ್ಯುವುದು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟು, ಇಂಕು, ಐಸು ಬೇಡ. ತರಬೇತಿ ಕೊಡುವವರ ಪಾಠಪಟ್ಟಿಯಲ್ಲಿ ಇವು ಕಾಣದಿದ್ದರೆ ಸೇರಿಸಲು ಹೇಳಿ. ಸೇರಿಸಲು ಬರುವುದಿಲ್ಲ ಎಂದರೆ ಬೇರೆಯವರನ್ನು ನೋಡಿ.

ಈಗ ಸರ್ಟಿಫಿಕೇಟಿನ ವಿಚಾರ. ಭಾರತೀಯ ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್, ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಅಧಿಕೃತ ಕೇಂದ್ರಗಳು, ಹೆಚ್ಚಾಗಿ ಕೇಳಿಬರುವ ಹೆಸರುಗಳು ಇವು. ಯಾವುದು ಬೇಕೆಂಬುದು ಯಾರಿಗೆ ತೋರಿಸಬೇಕು ಎಂಬುದರ ಮೇಲಿದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ರಾಜ್ಯ ಸರ್ಕಾರ ಒಪ್ಪುವ ಸರ್ಟಿಫಿಕೇಟು ಪಡೆದ ಜವಾಬ್ದಾರ ವ್ಯಕ್ತಿ ಎಂದು ಹೇಳಿತ್ತು. ಇಂಥ ಕಡೆ ಇನ್‌ಸ್ಪೆಕ್ಟರ್ ಯಾವುದನ್ನು ಒಪ್ಪುತ್ತಾರೆಂದು ಲಿಖಿತವಾಗಿ ಕೇಳಿಕೊಂಡೇ ಕೋರ್ಸು ಗೊತ್ತು ಮಾಡಿ. ನರ್ಸ್, ವೈದ್ಯ, ಆಂಬುಲೆನ್ಸ್ ಸಿಬ್ಬಂದಿಗೆ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಆರೋಗ್ಯ ಸಿಬ್ಬಂದಿಯ ಸಿಪಿಆರ್ ಕೋರ್ಸು) ಬೇಕು. ಶಾಲೆಯ ಪಿಟಿ ಮೇಷ್ಟ್ರಿಗೆ, ಹೋಂಸ್ಟೇ ಅಡುಗೆಯವರಿಗೆ ಬಿಎಲ್‌ಎಸ್ ಕೊಡಿಸುವುದು ದೊಡ್ಡಸ್ತಿಕೆಗೆ ಸರಿ. ಅದರಲ್ಲಿ ಗಾಯ, ಸುಟ್ಟದ್ದು, ಹಾವು ಯಾವುದೂ ಇರುವುದಿಲ್ಲ. ಅವರಿಗೆ ಜನಸಾಮಾನ್ಯರ ಪ್ರಥಮ ಚಿಕಿತ್ಸೆ, ಸಿಪಿಆರ್, ಎಇಡಿ ಮೂರೂ ಸೇರಿದ ಕೋರ್ಸು ಸಾಕು.

‘ಸರ್ಕಾರಿ ಮಾನ್ಯತೆ ಇದೆ’, ‘ಅಂತರರಾಷ್ಟ್ರೀಯ’ ಎಂದು ಕರಪತ್ರದಲ್ಲಿದ್ದರೆ ಯಾವ ಇಲಾಖೆ, ಯಾವ ಆದೇಶ ಎಂದು ಕೇಳಿ, ಪ್ರತಿ ತರಿಸಿ. ಅಮೆರಿಕನ್ ಹಾರ್ಟ್ ಕಾರ್ಡಾದರೆ ತರಬೇತುದಾರರ ಗುರುತಿನ ಸಂಖ್ಯೆ, ಅವರು ಸೇರಿರುವ ಕೇಂದ್ರದ ಹೆಸರು ಇರಬೇಕು. ಕಾರ್ಡಿನ ಕೋಡನ್ನು ನೀವೇ ಜಾಲತಾಣದಲ್ಲಿ ಪರೀಕ್ಷಿಸಬಹುದು. ಪೂರ್ತಿ ಆನ್‌ಲೈನ್‌ನಲ್ಲಿ, ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಬರುವ ಸಿಪಿಆರ್ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ. ಥಿಯರಿ ಮನೆಯಲ್ಲಿ ಕೂತು ಫೋನಿನಲ್ಲಿ, ಅಭ್ಯಾಸ ಮತ್ತು ಪರೀಕ್ಷೆ ಎದುರಾಬದುರು ಎಂಬ ಬಗೆಯದಾದರೆ ಒಳ್ಳೆಯದೇ, ತರಗತಿಯ ಹೊತ್ತು ಬೊಂಬೆಗೆ ಉಳಿಯುತ್ತದೆ. ದರ ಹೋಲಿಸುವಾಗ ಪುಸ್ತಕ, ಕಾರ್ಡು, ಪ್ರಯಾಣ, ನಪಾಸಾದವರಿಗೆ ಮರುಪರೀಕ್ಷೆ ಇದರಲ್ಲಿ ಸೇರಿದೆಯೋ ಬೇರೆಯೋ ನೋಡಿ. ನಪಾಸು ಮಾಡುತ್ತೀರಾ ಎಂದೂ ಕೇಳಿ. ಯಾರನ್ನೂ ನಪಾಸು ಮಾಡದ ಪರೀಕ್ಷೆ ಹಾಜರಿ ಪುಸ್ತಕಕ್ಕೆ ಸಮ.

ತರಬೇತುದಾರರು ಈಚಿನದನ್ನು ಓದಿದ್ದಾರೆಯೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ದೊಡ್ಡವರ ಗಂಟಲಲ್ಲಿ ಊಟ ಸಿಕ್ಕಿಕೊಂಡು ಮಾತೂ ಕೆಮ್ಮೂ ನಿಂತರೆ ಏನು ಮಾಡಬೇಕು? ಅಮೆರಿಕನ್ ಹಾರ್ಟ್‌ನ 2025ರ ಮಾರ್ಗಸೂಚಿ ಪ್ರಕಾರ 5 ಸಲ ಬೆನ್ನಿಗೆ ಗುದ್ದು, ಆಮೇಲೆ 5 ಸಲ ಹೊಟ್ಟೆ ಒತ್ತು, ಹೀಗೆ ಒಂದಾದ ಮೇಲೊಂದು. ಹಿಂದೆ ಹೊಟ್ಟೆ ಒತ್ತುವುದನ್ನು ಮಾತ್ರ ಕಲಿಸುತ್ತಿದ್ದರು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, 5 ಸಲ ಬೆನ್ನಿಗೆ, 5 ಸಲ ಎದೆಗೆ. ‘ಹೊಸದು ಬಂದಿದೆ, ಹೀಗೆ ಬದಲಾಗಿದೆ’ ಎಂದು ಹೇಳಬಲ್ಲವರು ಸಿಕ್ಕರೆ ಅವರನ್ನು ಬಿಡಬೇಡಿ.

ಎಇಡಿ ಯಂತ್ರಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ಇಡುವ ಮಾತು ಕೇಳಿಬರುತ್ತಿದೆ, ಒಳ್ಳೆಯದು. ಹೃದಯ ನಿಂತ ಮೇಲೆ ಸಿಪಿಆರ್ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ 7ರಿಂದ 10 ಶೇಕಡಾದಷ್ಟು ಇಳಿಯುತ್ತದೆ. ಶಿರಾಡಿ ಘಾಟಿಯಲ್ಲೋ ಬಿಸಿಲೆಯಲ್ಲೋ ಆಂಬುಲೆನ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನಿಮಗೆ ಹೇಳಬೇಕಿಲ್ಲ. ಆದರೆ ಬೀಗ ಹಾಕಿದ ಕೋಣೆಯ ಬೀರುವಿನಲ್ಲಿರುವ ಎಇಡಿ ಇಲ್ಲದಂತೆಯೇ. ಪ್ಯಾಡು ಮತ್ತು ಬ್ಯಾಟರಿಗೆ ಅವಧಿ ಇದೆ, ತಿಂಗಳಿಗೊಮ್ಮೆ ನೋಡಲು ಒಬ್ಬರ ಹೆಸರು ಗೊತ್ತಾಗಿರಬೇಕು. ಕೊಳ್ಳುವ ಮುಂಚೆ ಯಂತ್ರ ಯಾವ ಭಾಷೆಯಲ್ಲಿ ಸೂಚನೆ ಹೇಳುತ್ತದೆಂದು ಆನ್ ಮಾಡಿ ಕೇಳಿಸಿಕೊಳ್ಳಿ. ತರಬೇತಿಯ ಯಂತ್ರವೂ ನೀವು ಕೊಂಡ ಮಾದರಿಗೆ ಹತ್ತಿರದ್ದಿರಲಿ. ಒದ್ದೆ ಎದೆ ಒರೆಸುವುದು, ಒಂದು ಪ್ಯಾಡು ಬಲ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ, ಯಂತ್ರ ಪರಿಶೀಲಿಸುವಾಗ ಯಾರೂ ಮುಟ್ಟದಿರುವುದು, ಶಾಕ್ ಆದ ಕೂಡಲೇ ಮತ್ತೆ ಒತ್ತತೊಡಗುವುದು, ಇಷ್ಟನ್ನೂ ಮಾಡಿಸಿ ಕಲಿಸಬೇಕು.

ಪ್ಯಾಡು ಬರಿಮೈಗೇ ಅಂಟಬೇಕು. ಬಿದ್ದವರು ಹೆಂಗಸಾದರೆ ಸುತ್ತಲಿನವರು ಕೈ ಹಿಂದೆಗೆಯುತ್ತಾರೆ, ಅವರಿಗೆ ಸಿಪಿಆರ್ ಸಿಗುವುದೇ ಕಡಿಮೆ ಎಂಬುದು ಹೊರದೇಶದ ಅಧ್ಯಯನಗಳಲ್ಲೂ ಕಂಡ ಮಾತು. ರವಿಕೆ ಕತ್ತರಿಸುವುದು, ಸೆರಗನ್ನೋ ಟವೆಲನ್ನೋ ಮರೆ ಹಿಡಿಯಲು ನಾಲ್ಕು ಜನರನ್ನು ಸುತ್ತ ನಿಲ್ಲಿಸುವುದು, ಇವನ್ನೆಲ್ಲ ತರಗತಿಯಲ್ಲಿ ನಾಚಿಕೆ ಬಿಟ್ಟು ಮಾತಾಡುವವರೇ ಬೇಕು. ತುಂಬು ಗರ್ಭಿಣಿಯಾದರೆ ಒಬ್ಬರು ಎದೆ ಒತ್ತುವಾಗ ಇನ್ನೊಬ್ಬರು ಹೊಟ್ಟೆಯನ್ನು ಎಡಕ್ಕೆ ಸರಿಸಿ ಹಿಡಿಯಬೇಕು. ಮಹಿಳಾ ತರಬೇತುದಾರರಿರುವ ತಂಡಕ್ಕೆ ಆದ್ಯತೆ ಕೊಡಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಅವರ ಮುಂದೆ ಬಾಯಿಬಿಟ್ಟು ಪ್ರಶ್ನೆ ಕೇಳುತ್ತಾರೆ.

ಭಾಷೆ ಕನ್ನಡವೇ ಆಗಬೇಕು, ಪರೀಕ್ಷೆಯೂ ಕನ್ನಡದಲ್ಲೇ. ಬರೆಯಲು ಬಾರದವರಿಗೆ ಬಾಯಿಮಾತಿನಲ್ಲಿ, ಮಾಡಿ ತೋರಿಸುವುದರಲ್ಲಿ. ತೋಟಗಳ ಲೈನುಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರಿದ್ದಾರೆ, ಅವರ ಗುಂಪಿನಿಂದಲೂ ಒಬ್ಬಿಬ್ಬರನ್ನು ಕಳಿಸಿ, ಹಿಂದಿಯಲ್ಲಿ ಹೇಳಬಲ್ಲ ತರಬೇತುದಾರರನ್ನು ಕೇಳಿ. ಮಾಲೀಕರು ತಾವೇ ಬಂದು ಕಲಿತು ಹೋಗುವುದು ಸಂತೋಷ, ಆದರೆ ಏಣಿಯ ಬುಡದಲ್ಲಿ ನಿಂತಿರುವವರು ಮೇಸ್ತ್ರಿ.

‘ಕೈ ಹಾಕಿದರೆ ಕೇಸಾಗುತ್ತದೆ’ ಎಂಬ ಭಯವನ್ನು ನಿವಾರಿಸುವುದೂ ಪಾಠದ ಭಾಗ. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ನೆರವಿಗೆ ಬರುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಕರ್ನಾಟಕಕ್ಕೆ ಇದೇ ವಿಷಯದಲ್ಲಿ ತನ್ನದೇ ಕಾಯ್ದೆ ಇದೆ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಸಹಾಯ ಮಾಡಿದವರನ್ನು ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 75ರ ಬದಿಯ ಹೋಟೆಲ್, ಪೆಟ್ರೋಲ್ ಬಂಕ್, ಪಂಕ್ಚರ್ ಅಂಗಡಿಯವರಿಗೆ ಮೊದಲು ಹೇಳಬೇಕಾದ್ದು ಇದನ್ನೇ.

ಜಿಲ್ಲಾಡಳಿತಕ್ಕೆ ನಮ್ಮ ಕೋರಿಕೆಗಳು ಹೆಚ್ಚಿಲ್ಲ. ತರಬೇತಿಗೆ ದರಪಟ್ಟಿ ಕರೆಯುವಾಗ ‘ಇಷ್ಟು ಜನರಿಗೆ’ ಎಂದಷ್ಟೇ ಬರೆಯಬೇಡಿ. 3 ಜನಕ್ಕೆ 1 ಬೊಂಬೆ, ಅಳತೆ ತೋರಿಸುವ ಸಾಧನ, ಕೂಸಿನ ಬೊಂಬೆ, ತಲಾ ಒಬ್ಬರಿಗೆ ಪ್ರತ್ಯೇಕ ಪರೀಕ್ಷೆ, ಕನ್ನಡದಲ್ಲಿ ಪಾಠ, ಹಾವು ಕಡಿತ ಮತ್ತು ವಿದ್ಯುತ್ ಆಘಾತದ ಅಧ್ಯಾಯ, ಇಷ್ಟನ್ನು ಷರತ್ತಾಗಿ ಸೇರಿಸಿ. ದರ ಏರುತ್ತದೆ, ಜನ ಕಡಿಮೆಯಾಗುತ್ತಾರೆ. ಆಗಲಿ. ಜಿಲ್ಲಾ ರೆಡ್ ಕ್ರಾಸ್ ಶಾಖೆಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ಸ್ ಲ್ಯಾಬ್ ಇರಬೇಕೆಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಲ್ಯಾಬನ್ನು ಭಾನುವಾರಗಳಲ್ಲಿ ಸಾರ್ವಜನಿಕ ತರಬೇತಿಗೆ ತೆರೆಸಲು ಸಾಧ್ಯವಾದರೆ ಬೊಂಬೆಯ ಕೊರತೆ ಅರ್ಧ ನೀಗುತ್ತದೆ.

ಮತ್ತೊಂದು, ಪುನರಭ್ಯಾಸ. ಅಮೆರಿಕನ್ ಹಾರ್ಟ್ ಕಾರ್ಡಿನ ಮೇಲೆ 2 ವರ್ಷದ ಅವಧಿ ಇರುತ್ತದೆ. ಕೈಯ ಅಭ್ಯಾಸ ತಪ್ಪಲು ಮೂರರಿಂದ ಆರು ತಿಂಗಳು ಸಾಕು. ಹೋಬಳಿಗೊಂದು ಬೊಂಬೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಟ್ಟು, ಕಲಿತವರು ಮೂರು ತಿಂಗಳಿಗೊಮ್ಮೆ ಬಂದು ಹತ್ತು ನಿಮಿಷ ಒತ್ತಿ ಹೋಗುವಂತೆ ಮಾಡಿದರೆ, ಹೊಸ ಶಿಬಿರಗಳಿಗಿಂತ ಅದರಿಂದಲೇ ಹೆಚ್ಚು ಉಪಯೋಗ.

ಮೆಣಸಿನ ಕೊಯ್ಲು ಜನವರಿಯಿಂದ ಜೋರಾಗುತ್ತದೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನ ಮೇಸ್ತ್ರಿಗಳ ತಂಡಗಳನ್ನು ಡಿಸೆಂಬರ್ ಒಳಗೆ ಮುಗಿಸಿ, ಹಿನ್ನೀರಿನ ಹಳ್ಳಿಗಳ ಶಾಲೆಗಳನ್ನು ಬೇಸಿಗೆ ರಜೆಗೆ ಮೊದಲು ತೆಗೆದುಕೊಳ್ಳಿ. ಮಕ್ಕಳು ನೀರಿಗಿಳಿಯುವುದು ಆ ರಜೆಯಲ್ಲೇ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ವೇಳಾಪಟ್ಟಿಯನ್ನು ಅದರ ಮೇಲೆ ಹಾಕಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಹಾಸನ ಜಿಲ್ಲೆಯ ಪ್ರಥಮ ಚಿಕಿತ್ಸಾ ತರಬೇತುದಾರರು ಕೆಲವರು